ಹೊಗೆ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ: ನಮ್ಮ ಕರಾವಳಿಯ ಮನೆಗಳಲ್ಲಿ ಎಲ್ಲಿ ಹಾಕುವುದು, ಹೇಗೆ ನೋಡಿಕೊಳ್ಳುವುದು

ಕಳೆದ ವರ್ಷ ಆಟಿ ತಿಂಗಳು, ಜೋರು ಮಳೆ. ಮಂಗಳೂರಿನ ಬಿಜೈಯಲ್ಲಿರುವ ಚಿಕ್ಕಮ್ಮನ ಫ್ಲ್ಯಾಟ್‌ಗೆ ಹೋಗಿದ್ದೆ. ಅವರು ಸ್ನಾನಕ್ಕೆ ಹೋಗಿ ಇಪ್ಪತ್ತು ನಿಮಿಷ ಆಗಿತ್ತು. ನೀರು ಬೀಳುವ ಸದ್ದು ಕೇಳುತ್ತಿತ್ತು, ಆದರೆ ಕರೆದರೆ ಉತ್ತರ ಇಲ್ಲ. ಬಾಗಿಲು ದೂಡಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾರೆ, ಕಣ್ಣು ಅರ್ಧ ಮುಚ್ಚಿದೆ. ಮೇಲೆ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು. ಮಳೆಯ ಎರಚಲು ಬರುತ್ತದೆ ಅಂತ ಕಿಟಕಿಯ ಗಾಜನ್ನು ಪೂರ್ತಿ ಮುಚ್ಚಿದ್ದರು. ಎತ್ತಿಕೊಂಡು ಬಂದು ಬಾಲ್ಕನಿಯಲ್ಲಿ ಕೂರಿಸಿದ ಮೇಲೆ ಸ್ವಲ್ಪ ಸ್ವಲ್ಪವೇ ಚೇತರಿಸಿಕೊಂಡರು. ನಾವೆಲ್ಲ ಬಿಪಿ ಇಳಿದಿದೆ ಅಂತಲೇ ತಿಳಿದೆವು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ?"

ಆಮೇಲೆ ಕೂತು ಲೆಕ್ಕ ಹಾಕಿದೆ. 1 ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಾತ್‌ರೂಮಿನಲ್ಲಿ ಇರುವ ಗಾಳಿಯೇ 8 ಘನ ಮೀಟರ್. ಗೀಸರ್ ಕಾಲು ಗಂಟೆ ಉರಿದರೆ ಹತ್ತಿರ ಹತ್ತಿರ ಕಾಲು ಕೆ.ಜಿ. ಗ್ಯಾಸ್ ಸುಡುತ್ತದೆ. ಅಂದರೆ ಕೋಣೆಯಲ್ಲಿರುವ ಗಾಳಿಯಲ್ಲಿ 3 ಘನ ಮೀಟರಿನಷ್ಟು ಅಲ್ಲಿಗೇ ಮುಗಿಯಿತು. ಗಾಳಿ ಸಾಲದಾದಾಗ ಬೆಂಕಿ ಅರೆಬರೆ ಉರಿಯುತ್ತದೆ, ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ.

ಆ ಘಟನೆ ಆದ ಮೇಲೆ ಚಿಕ್ಕಮ್ಮನ ಫ್ಲ್ಯಾಟ್‌ಗೂ ಕಾಪು ಹತ್ತಿರ ಇರುವ ನಮ್ಮ ಹಂಚಿನ ಮನೆಗೂ ನಾನೇ ಅಲಾರಂ ಹಾಕಿದೆ. ಪೆಟ್ಟಿಗೆಯ ಒಳಗೆ ಬರುವ ಪುಸ್ತಕ ಬರೆದವರ ಮನಸ್ಸಿನಲ್ಲಿ ಇರುವುದು ಬೇರೆ ಊರಿನ ಮನೆ. ಅಲ್ಲಿ ಹಂಚಿನ ಮಾಡು ಇಲ್ಲ, ಬಚ್ಚಲ ಹಂಡೆ ಇಲ್ಲ, ಉಪ್ಪುಗಾಳಿ ಇಲ್ಲ, ರಾತ್ರಿ ಗ್ರಿಲ್‌ಗೆ ಬೀಗ ಹಾಕುವ ಅಭ್ಯಾಸವೂ ಇಲ್ಲ. ಆದ್ದರಿಂದ ನಮ್ಮ ಕಡೆಯ ಮನೆಗೆ ಹೊಂದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಗೀಸರ್ ವಿಷಯ

ಅಲಾರಂ ಹಾಕಿದೆ ಅಂತ ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗೇ ಬಿಡಬೇಡಿ. ಅದು ಹೊರಗೆ ಇರಬೇಕು. ಯುಟಿಲಿಟಿ ಬಾಲ್ಕನಿಯಲ್ಲೋ ಹೊರಗೋಡೆಯಲ್ಲೋ, ಗಾಳಿ ಧಾರಾಳವಾಗಿ ಆಡುವ ಕಡೆ ಇಟ್ಟು ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಸಾಧ್ಯವೇ ಇಲ್ಲ ಅಂದರೆ ಕರೆಂಟಿನ ಗೀಸರ್ ಹಾಕಿಸಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ವಾ ಸಾಕು ಅನ್ನುವವರು ತುಂಬ ಜನ. ಬಾಗಿಲು ಕಿಟಕಿ ಎರಡೂ ಮುಚ್ಚಿದ್ದರೆ ಒಳಗೆ ಗಾಳಿ ಬರುವ ದಾರಿಯೇ ಇಲ್ಲ, ಫ್ಯಾನ್ ಸುಮ್ನೆ ತಿರುಗುತ್ತದೆ. ಚಿಕ್ಕಮ್ಮನ ಗೀಸರ್ ಈಗ ಯುಟಿಲಿಟಿಯಲ್ಲಿದೆ. ಪ್ಲಂಬರ್‌ಗೆ ಅರ್ಧ ದಿನದ ಕೆಲಸ, ಅಷ್ಟೇ.

ಒಂದು ಅಲಾರಂ ಎಲ್ಲವನ್ನೂ ಹಿಡಿಯುವುದಿಲ್ಲ

ಇಲ್ಲಿ ತುಂಬ ಜನರಿಗೆ ಗೊಂದಲ ಇದೆ. ಹೊಗೆ ಅಲಾರಂಗೆ ಗೊತ್ತಾಗುವುದು ಹೊಗೆ ಮಾತ್ರ. ಕಾರ್ಬನ್ ಮೊನಾಕ್ಸೈಡ್ ಅಲಾರಂಗೆ ಆ ಒಂದು ವಿಷಗಾಳಿ ಮಾತ್ರ. ಸಿಲಿಂಡರ್ ಸೋರಿದರೆ ಈ ಎರಡೂ ಬಾಯಿ ಬಿಡುವುದಿಲ್ಲ, ಅದಕ್ಕೆ ಗ್ಯಾಸ್ ಡಿಟೆಕ್ಟರ್ ಅಂತ ಮೂರನೆಯದೇ ಬೇರೆ ಇದೆ. ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಕೊಡುವ ಕಂಬೈನ್ಡ್ ಅಲಾರಂ ಸಿಗುತ್ತದೆ. ಮಲಗುವ ಕೋಣೆಯ ಹೊರಗಿನ ಪ್ಯಾಸೇಜ್‌ಗೆ ಅದು ಒಳ್ಳೆಯದೇ.

ಹೊಗೆ ಅಲಾರಂನಲ್ಲಿ ಎರಡು ಜಾತಿ. ಒಂದು ಅಯೊನೈಸೇಶನ್, ಅದರಲ್ಲಿ ಅಮೆರಿಸಿಯಂ ಅನ್ನುವ ವಿಕಿರಣ ವಸ್ತು ತೀರಾ ಚೂರು ಇರುತ್ತದೆ, ಭಗ್ಗನೆ ಹತ್ತಿದ ಬೆಂಕಿಯನ್ನು ಬೇಗ ಹಿಡಿಯುತ್ತದೆ. ಇನ್ನೊಂದು ಫೋಟೋಎಲೆಕ್ಟ್ರಿಕ್, ಕೆಲವು ಪೆಟ್ಟಿಗೆಗಳ ಮೇಲೆ ಆಪ್ಟಿಕಲ್ ಅಂತ ಇರುತ್ತದೆ. ಒಳಗೆ ಒಂದು ಬೆಳಕು, ಪಕ್ಕದಲ್ಲಿ ಒಂದು ಸೆನ್ಸರ್. ಹೊಗೆ ನುಗ್ಗಿದರೆ ಬೆಳಕು ಚದುರಿ ಸೆನ್ಸರ್‌ಗೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಹಾಸಿಗೆ, ಸೋಫಾ, ವಯರಿನ ಸುತ್ತುಕವಚ ಮುಂತಾದವು ಒಳಗೊಳಗೇ ಕನಲುವ ಬೆಂಕಿಗೆ ಇದು ಒಳ್ಳೆಯದು, ಅಡುಗೆಯ ಹಬೆಗೆ ಸುಮ್ನೆ ಕೂಗುವುದೂ ಕಡಿಮೆ. ನಾನು ಫೋಟೋಎಲೆಕ್ಟ್ರಿಕ್ ಮಾತ್ರ ತೆಗೆದುಕೊಂಡೆ, ನೀವೂ ಅದನ್ನೇ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಕೇಳುವಾಗ

ನಾನು ಮೊದಲು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ "ಸ್ಮೋಕ್ ಡಿಟೆಕ್ಟರ್ ಕೊಡಿ" ಅಂದೆ. ಕೊಟ್ಟದ್ದು ಆಫೀಸು, ಹೋಟೆಲ್‌ಗಳಲ್ಲಿ ಹಾಕುವಂಥದ್ದು. ಅದರಲ್ಲಿ ಬ್ಯಾಟರಿ ಇಲ್ಲ, ಸ್ವಂತ ಸದ್ದೂ ಇಲ್ಲ, 24 ವೋಲ್ಟಿನ ಪ್ಯಾನೆಲ್‌ಗೆ ಜೋಡಿಸಿದರೆ ಮಾತ್ರ ಕೆಲಸ. ಮನೆಗೆ ತಂದು ಬಿಚ್ಚಿದಾಗಲೇ ಗೊತ್ತಾದದ್ದು. ನೀವು ಕೇಳಬೇಕಾದದ್ದು ಸ್ಟ್ಯಾಂಡ್‌ಅಲೋನ್ ಅಲಾರಂ, ಬ್ಯಾಟರಿ ಮತ್ತು ಸೈರನ್ ಅದರೊಳಗೇ ಇರುವಂಥದ್ದು. ಆನ್‌ಲೈನಿನಲ್ಲಿ ತರಿಸಿದರೂ ಈ ಒಂದು ವಿಷಯ ನೋಡಿಕೊಳ್ಳಿ.

ಆಮೇಲೆ ಡಬ್ಬಿಯನ್ನು ತಿರುಗಿಸಿ ಹಿಂದೆ ಏನು ಬರೆದಿದೆ ಓದಿ. ಇಎನ್ ಅಂದರೆ ಯುರೋಪಿನ ಗುಣಮಟ್ಟದ ನಂಬರು, ಯುಎಲ್ ಅಂದರೆ ಅಮೆರಿಕದ್ದು. ಹೊಗೆ ಅಲಾರಂ ಮೇಲೆ ಇಎನ್ 14604 ಅಥವಾ ಯುಎಲ್ 217, ಕಾರ್ಬನ್ ಮೊನಾಕ್ಸೈಡ್ ಅಲಾರಂ ಮೇಲೆ ಇಎನ್ 50291 ಅಥವಾ ಯುಎಲ್ 2034 ಅಂತ ಇರಬೇಕು. ತಯಾರಾದ ತಾರೀಖೂ ಇರಬೇಕು. ಇದು ಯಾಕೆ ಮುಖ್ಯ ಅಂದರೆ ಹೊಗೆ ಅಲಾರಂನ ಆಯುಸ್ಸು ತಯಾರಾದ ದಿನದಿಂದ 10 ವರ್ಷ, ನೀವು ಕೊಂಡ ದಿನದಿಂದ ಅಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಂಪನಿ ನೋಡಿ 5, 7 ಅಥವಾ 10 ವರ್ಷ, ಎಷ್ಟು ಅಂತ ಅದರ ಮೇಲೇ ಇರುತ್ತದೆ. ಅಂಗಡಿಯ ಕಪಾಟಿನಲ್ಲಿ ಮೂರು ವರ್ಷ ಕೂತ ಮಾಲು ನಿಮಗೆ ಕೊಟ್ಟರೆ ಮೂರು ವರ್ಷ ನಿಮ್ಮದು ಹೋಯಿತು. ಯಾವ ನಂಬರೂ ತಾರೀಖೂ ಇಲ್ಲದೆ, ಮುಂದೆ ಒಂದು ಚಂದದ ಡಿಸ್‌ಪ್ಲೇ ಮಾತ್ರ ಇರುವ ಅಗ್ಗದ ಡಬ್ಬಿ ಬೇಡ ಮಾರಾಯ್ರೆ, ಜೀವ ನಂಬಿ ಮಲಗುವ ವಸ್ತು ಅದು.

ಬ್ಯಾಟರಿಯಲ್ಲಿ ಎರಡು ಥರ. ಬದಲಿಸುವಂಥದ್ದು ಒಂದು, 10 ವರ್ಷಕ್ಕೆ ಸೀಲ್ ಮಾಡಿದ ಲಿಥಿಯಂ ಇನ್ನೊಂದು. ಮನೆಯಲ್ಲಿ ವಯಸ್ಸಾದವರೇ ಇದ್ದು ಏಣಿ ಹತ್ತುವವರು ಇಲ್ಲದಿದ್ದರೆ ಸೀಲ್ ಮಾಡಿದ್ದೇ ವಾಸಿ. ದುಡ್ಡು ಸ್ವಲ್ಪ ಜಾಸ್ತಿ.

ಹೊಗೆ ಅಲಾರಂ: ಟೆರೇಸ್ ಮನೆ ಮತ್ತು ಫ್ಲ್ಯಾಟ್

ಹೊಗೆ ಬಿಸಿ ಗಾಳಿಯ ಜೊತೆ ಮೇಲೆ ಹೋಗಿ ಸೀಲಿಂಗ್ ಅಡಿಯಲ್ಲಿ ಹರಡುತ್ತದೆ, ಆದ್ದರಿಂದ ಅಲಾರಂ ಜಾಗ ಸೀಲಿಂಗ್. ಗೋಡೆಗೇ ಹಾಕಬೇಕು ಅಂತಾದರೆ ಸೀಲಿಂಗ್‌ನಿಂದ 12 ಇಂಚಿನ ಒಳಗೆ. ಮಲಗುವ ಪ್ರತಿಯೊಂದು ಕೋಣೆಯಲ್ಲಿ ಒಂದು, ಕೋಣೆಗಳ ಹೊರಗಿನ ಪ್ಯಾಸೇಜ್‌ನಲ್ಲಿ ಒಂದು, ಮಹಡಿ ಇದ್ದರೆ ಪ್ರತಿ ಮಹಡಿಗೆ ಒಂದು. ಒಟ್ಟಿಗೆ ಅಷ್ಟು ಆಗುವುದಿಲ್ಲವಾದರೆ ಪ್ಯಾಸೇಜ್‌ನಿಂದ ಶುರು ಮಾಡಿ, ಮುಂದಿನ ತಿಂಗಳು ಇನ್ನೊಂದು ತನ್ನಿ.

ಪುಸ್ತಕದಲ್ಲಿ ಸೀಲಿಂಗ್‌ನ ನಡುವೆ ಹಾಕಿ ಅಂತ ಇರುತ್ತದೆ. ನಮ್ಮ ಸೆಖೆಗೆ ನಡುವೆ ಫ್ಯಾನ್ ಇಲ್ಲದ ಕೋಣೆ ಎಲ್ಲಿದೆ? ಫ್ಯಾನಿನ ರೆಕ್ಕೆಯ ತುದಿಯಿಂದ ಕನಿಷ್ಠ 3 ಅಡಿ ದೂರ ಬಿಡಿ, ಇಲ್ಲವಾದರೆ ಫ್ಯಾನಿನ ಗಾಳಿ ಹೊಗೆಯನ್ನು ಅಲಾರಂ ಹತ್ತಿರ ಬರಲಿಕ್ಕೇ ಬಿಡುವುದಿಲ್ಲ. ಎಸಿಯ ಗಾಳಿ ನೇರ ಬೀಳುವ ಜಾಗ, ಕಿಟಕಿಯ ಪಕ್ಕ, ಬಾತ್‌ರೂಮಿನ ಬಾಗಿಲಿನ ಎದುರು ಕೂಡ ಬೇಡ. ಅಡುಗೆ ಒಲೆಯಿಂದ 10 ಅಡಿ ದೂರ ಇರಲಿ. ಅಡುಗೆಮನೆಯ ಒಳಗೆ ಹೊಗೆ ಅಲಾರಂ ಹಾಕಬೇಡಿ. ಬಂಗುಡೆ ಕಾಯಿಸುವಾಗ, ಒಣಮೆಣಸು ಹುರಿಯುವಾಗ ಅದು ದಿನಾ ಕೂಗಿ, ಒಂದು ವಾರದಲ್ಲಿ ಯಾರಾದರೂ ಬ್ಯಾಟರಿ ತೆಗೆದು ಡ್ರಾಯರ್‌ಗೆ ಹಾಕುವುದು ಖಂಡಿತ.

ದೇವರ ಕೋಣೆಯ ಎದುರೂ ಬೇಡ. ಊದುಬತ್ತಿ, ಸಾಂಬ್ರಾಣಿ ನಿತ್ಯ ಇರುವ ಮನೆಯಲ್ಲಿ ಅಲ್ಲಿಂದ ಸ್ವಲ್ಪ ದೂರ ಹಾಕಿ.

ಹಂಚಿನ ಮನೆ

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಮನೆಗಳ ಮೇಲೆ ಹಂಚು ಏರಿದ್ದು ಇನ್ನೂ ಇಳಿದಿಲ್ಲ. ಆ ಹಂಚಿನ ಸಂದಿಗಳಲ್ಲಿ ಗಾಳಿ ಆಡುತ್ತದೆ, ಅದಕ್ಕೇ ಸೆಖೆಗಾಲದಲ್ಲಿ ತಂಪು. ಅದೇ ಸಂದಿಯಿಂದ ಹೊಗೆಯೂ ಸೋರಿ ಹೋಗುತ್ತದೆ. ಹಾಗಾಗಿ ಒಂದು ಕೋಣೆಯ ಹೊಗೆ ಇನ್ನೊಂದು ಕೋಣೆಯ ಅಲಾರಂ ತನಕ ಬರುತ್ತದೆ ಅಂತ ನಂಬಿ ಕೂರಬಾರದು. ಫ್ಲ್ಯಾಟ್‌ನಲ್ಲಿ ಎರಡು ಸಾಕಾದರೆ ಇಲ್ಲಿ ನಾಲ್ಕು ಬೇಕು, ಕೋಣೆಗೊಂದು.

ಕೋಣೆಗೆ ಮರದ ಮುಚ್ಚಿಗೆ ಇದ್ದರೆ ಸುಲಭ. ಅದರ ಅಡಿಗೇ ಸ್ಕ್ರೂ ಹಾಕಿ ಕೂರಿಸಿ. ಮುಚ್ಚಿಗೆ ಇಲ್ಲದೆ ನೇರ ಮಾಡು ಕಾಣುವ ಕೋಣೆಯಲ್ಲಿ ಮಾಡಿನ ಎಲ್ಲಕ್ಕಿಂತ ಎತ್ತರದ ತುದಿಯಿಂದ 3 ಅಡಿಯ ಒಳಗೆ ಹಾಕಬೇಕು, ಆದರೆ ತೀರಾ ತುದಿಯ 4 ಇಂಚು ಬಿಡಬೇಕು. ಆ ಮೂಲೆಯಲ್ಲಿ ಗಾಳಿ ಆಡದೆ ನಿಂತಿರುತ್ತದೆ, ಹೊಗೆ ಅಲ್ಲಿಗೆ ತಡವಾಗಿ ತಲುಪುತ್ತದೆ. ನಾನು ಪಕ್ಕಾಸಿನ ಬದಿಗೆ ಅಂಗೈ ಅಗಲದ ಒಂದು ಹಲಗೆ ತುಂಡು ಹೊಡೆದು, ಅದರ ಅಡಿಗೆ ಅಲಾರಂ ಹಾಕಿದೆ. ಅಷ್ಟು ಎತ್ತರದಲ್ಲಿ ಟೆಸ್ಟ್ ಬಟನ್ ಒತ್ತುವುದು ಹೇಗೆ ಅಂತ ಕೇಳಿದರೆ, ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ ಒತ್ತುತ್ತೇನೆ. ಬಟನ್ ದೊಡ್ಡದಿರುವ ಅಲಾರಂ ನೋಡಿ ತೆಗೆದುಕೊಂಡರೆ ಈ ಕೆಲಸ ಸಲೀಸು.

ಅಟ್ಟವನ್ನು ಮರೆಯಬೇಡಿ. ಒಣ ತೆಂಗಿನಕಾಯಿ, ಗೋಣಿ, ಹಳೆ ಪುಸ್ತಕ, ಪಾತ್ರೆ ಕಟ್ಟಿದ ಕಾಗದ, ಅದರ ನಡುವೆ ಐವತ್ತು ವರ್ಷ ಹಳೆಯ ವಯರಿಂಗ್, ಅದನ್ನು ಕಡಿಯುವ ಇಲಿ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬೆಂಕಿ ಹಿಡಿಯಬಹುದಾದ ಜಾಗ ಅದೇ ಅಂತ ನನಗೆ ಅನಿಸಿದ್ದರಿಂದ ಅಲ್ಲಿಗೆ ಒಂದು ಇಂಟರ್‌ಲಿಂಕ್ ಅಲಾರಂ ಹಾಕಿದೆ. ಇಂಟರ್‌ಲಿಂಕ್ ಅಂದರೆ ಒಂದು ಕೂಗಿದರೆ ಮನೆಯ ಎಲ್ಲ ಅಲಾರಂಗಳೂ ಕೂಗುತ್ತವೆ, ನಡುವೆ ವಯರ್ ಬೇಡ. ಅಟ್ಟದ್ದು ಒಂಟಿಯಾಗಿ ಕೂಗಿದರೆ ಕೆಳಗೆ ಮಲಗಿದವರಿಗೆ ಮಳೆಯ ಸದ್ದಿನಲ್ಲಿ ಎಲ್ಲಿ ಕೇಳಬೇಕು?

ಕಾರ್ಬನ್ ಮೊನಾಕ್ಸೈಡ್ ಅಲಾರಂ

ಈ ಗಾಳಿ ಕೆಳಗೆ ಕೂರುತ್ತದೆ ಅಂತ ಕೆಲವರು, ಮೇಲೆ ಏರುತ್ತದೆ ಅಂತ ಕೆಲವರು. ಅದರ ತೂಕ ಮಾಮೂಲಿ ಗಾಳಿಗಿಂತ ಚೂರೇ ಚೂರು ಕಡಿಮೆ, ಕೋಣೆಯ ಗಾಳಿಯ ಜೊತೆ ಸಲೀಸಾಗಿ ಬೆರೆತುಬಿಡುತ್ತದೆ. ಮಲಗುವ ಕೋಣೆಯಲ್ಲಿ ಮಲಗಿದಾಗ ನಿಮ್ಮ ಮೂಗು ಎಷ್ಟು ಎತ್ತರದಲ್ಲಿರುತ್ತದೋ ಆ ಎತ್ತರಕ್ಕೆ ಗೋಡೆಗೆ ಹಾಕಿ. ಗೀಸರ್ ಅಥವಾ ಒಲೆ ಇರುವ ಕಡೆ ಅದರಿಂದ 1ರಿಂದ 3 ಮೀಟರ್ ದೂರ ಬಿಟ್ಟು ಹಾಕಿ. ಬಾತ್‌ರೂಮಿನ ಒಳಗೆ ಹಾಕಬೇಡಿ, ಹಬೆಗೆ ಸೆನ್ಸರ್ ಹಾಳಾಗುತ್ತದೆ. ಪರದೆಯ ಹಿಂದೆ, ಕಪಾಟಿನ ಒಳಗೆ ಕೂಡ ಬೇಡ.

ನಮ್ಮ ಕಡೆ ಈ ಗಾಳಿ ಹುಟ್ಟುವ ಜಾಗಗಳು ಬೇರೆಯೇ. ಬಚ್ಚಲಲ್ಲಿ ಗೆರಟೆ, ಕಾಯಿ ಸಿಪ್ಪೆ, ಮಡಲು ಹಾಕಿ ಹಂಡೆ ಕಾಯಿಸುವ ಮನೆ ಇನ್ನೂ ಎಷ್ಟೋ ಇವೆ. ಹಿಂದೆ ಬಚ್ಚಲು ಮನೆಯಿಂದ ಪ್ರತ್ಯೇಕ ಇತ್ತು, ಹೊಗೆ ಹಾಗೇ ಹೊರಗೆ ಹೋಗುತ್ತಿತ್ತು. ಈಗ ನಡುವೆ ಶೀಟ್ ಹಾಕಿ ಜೋಡಿಸಿದ್ದೇವೆ, ಬಚ್ಚಲಿಗೆ ತಾಗಿ ಒಂದು ಬೆಡ್‌ರೂಮನ್ನೂ ಕಟ್ಟಿದ್ದೇವೆ. ಆ ಬೆಡ್‌ರೂಮಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು. ಹೊಗೆ ಕಾಣದಿದ್ದರೆ ಏನೂ ಇಲ್ಲ ಅಂತ ಅಲ್ಲ, ಉರಿ ಆರಿ ಕೆಂಡ ಮಾತ್ರ ಉಳಿದಾಗಲೇ ಈ ಗಾಳಿ ಜಾಸ್ತಿ.

ಇನ್ನೊಂದು ಬಾಣಂತಿ ಕೋಣೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹಿರಿಯರು ಪ್ರೀತಿಯಿಂದ ಮಾಡುವ ಕೆಲಸ ಇದು. ಮಗುವಿಗೆ, ತಾಯಿಗೆ ಸ್ನಾನ ಆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುತ್ತಾರೆ, ಶೀತ ಆಗಬಾರದು ಅಂತ ಕಿಟಕಿ ಮುಚ್ಚುತ್ತಾರೆ, ಕೆಂಡದ ಪಾತ್ರೆಯನ್ನು ಮಂಚದ ಅಡಿಯಲ್ಲೋ ಮೂಲೆಯಲ್ಲೋ ಬಿಡುತ್ತಾರೆ. ಪುಟ್ಟ ಮಗು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತದೆ, ವಿಷಗಾಳಿಯನ್ನೂ ಬೇಗ ಎಳೆದುಕೊಳ್ಳುತ್ತದೆ. "ಅಜ್ಜಿ, ಹೊಗೆ ಹಿಡಿದು ಆದ ಕೂಡಲೇ ಕೆಂಡ ಹೊರಗೆ ಇಡುವಾ, ಒಂದು ಕಿಟಕಿ ತೆರೆಯುವಾ" ಅಂತ ಹೇಳಿ. ನಮ್ಮ ಅಕ್ಕನ ಬಾಣಂತನದಲ್ಲಿ ಹೀಗೇ ಹೇಳಿದೆವು, ಅಜ್ಜಿ ಒಪ್ಪಿದರು.

ಜನರೇಟರ್ ಇರುವವರು ಅದನ್ನು ಸಿಟೌಟ್‌ನಲ್ಲೋ ಕಾರು ನಿಲ್ಲಿಸುವ ಶೆಡ್‌ನಲ್ಲೋ ಇಟ್ಟು ಓಡಿಸಬೇಡಿ, ಮಳೆ ಎಷ್ಟೇ ಇರಲಿ. ಮನೆಯಿಂದ 20 ಅಡಿ ಆಚೆ, ಅದರ ಹೊಗೆ ಕೊಳವೆ ಕಿಟಕಿಗಳಿಗೆ ಬೆನ್ನು ಹಾಕಿ ಇರಬೇಕು. ಮಡಿಕೇರಿ, ಚಿಕ್ಕಮಗಳೂರಿಗೆ ಚಳಿಯಲ್ಲಿ ಹೋದಾಗ ಹೋಮ್‌ಸ್ಟೇ ಕೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ತಂದಿಟ್ಟು ಮಲಗುವುದೂ ಇದೇ ಅಪಾಯ. ನಾನು ಒಂದು ಸಣ್ಣ ಬ್ಯಾಟರಿ ಅಲಾರಂ ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ.

ಈ ಅಲಾರಂ ತಕ್ಷಣ ಕೂಗುವುದಿಲ್ಲ ಅಂತ ಗಾಬರಿ ಬೇಡ, ಅದರ ಲೆಕ್ಕವೇ ಹಾಗೆ. ಇಎನ್ 50291 ಪ್ರಕಾರ ಗಾಳಿಯಲ್ಲಿ 50 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 50 ಭಾಗ) ಇದ್ದರೆ 60ರಿಂದ 90 ನಿಮಿಷದಲ್ಲಿ, 100 ಇದ್ದರೆ 10ರಿಂದ 40 ನಿಮಿಷದಲ್ಲಿ, 300 ಇದ್ದರೆ 3 ನಿಮಿಷದ ಒಳಗೆ ಕೂಗಬೇಕು. ಸ್ವಲ್ಪ ಇದ್ದರೆ ನಿಧಾನ, ಜಾಸ್ತಿ ಇದ್ದರೆ ಬೇಗ.

ಒಂದು ವಿಷಯ ನಾನು ಅನುಭವದಿಂದಲೇ ಕಲಿತದ್ದು. ನಮ್ಮ ಮನೆಯಲ್ಲಿ ಇನ್ವರ್ಟರ್ ಇರುವುದು ಮೆಟ್ಟಿಲಿನ ಅಡಿ, ಅಲಾರಂ ಹಾಕಿದ್ದು ಅದರ ಮೇಲೆ. ಕರೆಂಟ್ ಹೋಗಿ ಬಂದ ಮೇಲೆಲ್ಲ ಅಲಾರಂ ಕೂಗುತ್ತಿತ್ತು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಈ ಸೆನ್ಸರ್ ಅದನ್ನೇ ಕಾರ್ಬನ್ ಮೊನಾಕ್ಸೈಡ್ ಅಂತ ತಿಳಿಯುತ್ತದೆ. ಆದ್ದರಿಂದ ಇನ್ವರ್ಟರ್ ಹತ್ತಿರ ಬೇಡ. ಆದರೆ ಕೂಗಿದಾಗಲೆಲ್ಲ "ಇನ್ವರ್ಟರ್‌ದ್ದೇ ಇರಬೇಕು" ಅಂತ ಬಿಡುವುದೂ ಬೇಡ, ಬ್ಯಾಟರಿಯನ್ನು ಗಾಳಿ ಆಡುವ ಕಡೆಗೆ ಸರಿಸಿ, ಅಲಾರಂ ಜಾಗ ಬದಲಿಸಿ. ಹೈಡ್ರೋಜನ್ ತುಂಬಿಕೊಂಡರೆ ಅದೂ ಬೆಂಕಿಗೆ ದಾರಿಯೇ.

ಗ್ಯಾಸ್ ಡಿಟೆಕ್ಟರ್ ಬಗ್ಗೆ ಚುಟುಕಾಗಿ

ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಿಯುತ್ತದೆ. ಡಿಟೆಕ್ಟರ್ ನೆಲದಿಂದ ಸುಮಾರು 1 ಅಡಿ ಎತ್ತರದಲ್ಲಿರಲಿ. ಪೈಪ್ ಗ್ಯಾಸ್ ಬಂದಿರುವ ಮನೆಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ: ಅದು ಮೀಥೇನ್, ಗಾಳಿಗಿಂತ ಹಗುರ, ಡಿಟೆಕ್ಟರ್ ಸೀಲಿಂಗ್ ಹತ್ತಿರ ಬೇಕು. ಸಿಲಿಂಡರಿನಿಂದ ಪೈಪಿಗೆ ಬದಲಾದವರು ಹಳೆ ಡಿಟೆಕ್ಟರನ್ನು ಕೆಳಗೇ ಬಿಟ್ಟಿದ್ದರೆ ಅದರಿಂದ ಪ್ರಯೋಜನ ಇಲ್ಲ. ಎಲ್‌ಪಿಜಿ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಕೂರಿಸುವ ಕೆಲಸ

ಬ್ಯಾಟರಿ ಅಲಾರಂ ಕೂರಿಸಲು ಎಲೆಕ್ಟ್ರಿಷಿಯನ್ ಬೇಡ. ಮೊದಲು ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಅಲ್ಲಿ ವಯರಿಂಗ್ ಪೈಪ್ ಹೋಗಿಲ್ಲ ಅಂತ ನೋಡಿ, ಸಂಶಯ ಇದ್ದರೆ ಮೇನ್ ಆಫ್ ಮಾಡಿ ಬ್ಯಾಟರಿ ಡ್ರಿಲ್ ಬಳಸಿ. ಅಲಾರಂ ಆಗ ಬೇರೆ ಕೋಣೆಯಲ್ಲಿ ಕವರ್ ಒಳಗೇ ಇರಲಿ, ಡ್ರಿಲ್ಲಿನ ಧೂಳು ಹೊಗೆ ಸೆನ್ಸರ್ ಒಳಗೆ ಹೋದರೆ ಮತ್ತೆ ಕಿರಿಕಿರಿ. ಕೆಂಪುಕಲ್ಲಿನ ಗೋಡೆಯಾದರೆ ಕಲ್ಲಿನ ತೂತುಗಳಲ್ಲಿ ಬಿಟ್ ಅತ್ತಿತ್ತ ಓಡಿ ರಂಧ್ರ ದೊಡ್ಡದಾಗುತ್ತದೆ, ಸಣ್ಣ ಬಿಟ್‌ನಿಂದ ಶುರು ಮಾಡಿ, ಪೆಟ್ಟಿಗೆಯಲ್ಲಿ ಬಂದ ಗಿಡ್ಡ ಪ್ಲಗ್ ಬಿಟ್ಟು ಉದ್ದದ್ದು ಹಾಕಿ. ಸ್ಕ್ರೂ ಸ್ಟೈನ್‌ಲೆಸ್ ಸ್ಟೀಲಿನದ್ದೇ ಆಗಲಿ. ಮಲ್ಪೆ, ಉಳ್ಳಾಲ, ಸುರತ್ಕಲ್ ಕಡೆಯವರಿಗೆ ಉಪ್ಪುಗಾಳಿ ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ. ಎರಡು ಬದಿ ಅಂಟುವ ಟೇಪ್ ನಂಬಬೇಡಿ, ಮಳೆಗಾಲದ ಪಸೆಗೆ ಕಳಚಿ ಬೀಳುತ್ತದೆ.

ಬೇಸ್ ಕೂರಿಸಿದ ಮೇಲೆ ಬ್ಯಾಟರಿ ಹಾಕಿ, ಎಳೆಯುವ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಎಳೆಯಿರಿ, ತಿರುಗಿಸಿ ಲಾಕ್ ಮಾಡಿ. ಅದಕ್ಕೂ ಮೊದಲು ಮಾರ್ಕರ್‌ನಲ್ಲಿ ಹಾಕಿದ ತಾರೀಖು ಮತ್ತು ಬದಲಿಸುವ ವರ್ಷವನ್ನು ಅಂಚಿನಲ್ಲಿ ದೊಡ್ಡದಾಗಿ ಬರೆಯಿರಿ. ಆಮೇಲೆ ಟೆಸ್ಟ್ ಬಟನ್. ಮನೆಯವರೆಲ್ಲ ಆಗ ಮನೆಯಲ್ಲಿರಲಿ, ಸದ್ದು ಹೇಗಿದೆ ಅಂತ ಎಲ್ಲರಿಗೂ ಗೊತ್ತಾಗಬೇಕು. ಸಾಮಾನ್ಯವಾಗಿ ಮೂರು ಸಲ ಕೂಗಿ ನಿಲ್ಲಿಸಿ ಮತ್ತೆ ಮೂರು ಸಲ ಕೂಗಿದರೆ ಹೊಗೆ. ನಾಲ್ಕು ಸಲ ಚುರುಕಾಗಿ ಕೂಗಿ ನಿಲ್ಲಿಸಿದರೆ ಕಾರ್ಬನ್ ಮೊನಾಕ್ಸೈಡ್. ನಿಮಿಷಕ್ಕೆ ಒಮ್ಮೆ ಬರೀ "ಕೀಂ" ಅಂದರೆ ಬ್ಯಾಟರಿ ಮುಗಿಯುತ್ತಾ ಬಂತು ಅಥವಾ ಅಲಾರಂ ಹಾಳು.

ಕಿವಿ ಮಂದ ಇರುವ ಹಿರಿಯರಿಗೆ ಮಾಮೂಲಿ ಅಲಾರಂನ ಕೀರಲು ಸ್ವರ ಕೇಳುವುದಿಲ್ಲ. ಅವರಿಗೆ 520 ಹರ್ಟ್ಜ್‌ನ ದಪ್ಪ ಸ್ವರದ ಅಲಾರಂ ಬೇರೆ ಬರುತ್ತದೆ. ಮಕ್ಕಳು ಅಲಾರಂ ಕೂಗಿದರೂ ಏಳದೆ ಮಲಗಿಯೇ ಇರುವುದುಂಟು, ಅವರನ್ನು ಯಾರು ಎಬ್ಬಿಸುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಸಂಕ್ರಮಣಕ್ಕೆ ಬಟನ್, ಪತ್ತನಾಜೆಗೆ ಬ್ರಷ್

ತಿಂಗಳಿಗೊಮ್ಮೆ ಟೆಸ್ಟ್ ಮಾಡಿ ಅಂತ ಎಲ್ಲ ಪುಸ್ತಕದಲ್ಲೂ ಇರುತ್ತದೆ, ಯಾರಿಗೂ ನೆನಪಿರುವುದಿಲ್ಲ. ನಮ್ಮಲ್ಲಿ ಪ್ರತಿ ತಿಂಗಳು ಸಂಕ್ರಮಣ ಬರುತ್ತದೆ, ಕ್ಯಾಲೆಂಡರಿನಲ್ಲೂ ಇರುತ್ತದೆ. ಅವತ್ತು ಬೆಳಿಗ್ಗೆ ಬಟನ್ ಒತ್ತುವುದು ಅಂತ ಇಟ್ಟುಕೊಂಡೆವು, ಒಂದು ತಿಂಗಳೂ ತಪ್ಪಿಲ್ಲ. ಟೆಸ್ಟ್ ಮಾಡಲು ಊದುಬತ್ತಿ, ಬೆಂಕಿಕಡ್ಡಿ ಹಿಡಿಯಬೇಡಿ. ಬಟನ್ ಸಾಕು.

ವರ್ಷಕ್ಕೆ ಎರಡು ಸಲ ಕ್ಲೀನಿಂಗ್. ಮೊದಲನೆಯದು ಮಳೆ ಶುರುವಾಗುವ ಮೊದಲು, ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ. ಭೂತಕೋಲ, ಯಕ್ಷಗಾನದ ಆಟ ಎಲ್ಲ ಮುಗಿದು ಮಳೆಗಾಲಕ್ಕೆ ಮನೆ ತಯಾರು ಮಾಡುವಾಗ ಇದನ್ನೂ ಸೇರಿಸಿ. ಮೆತ್ತನೆಯ ಒಣ ಬ್ರಷ್‌ನಿಂದ ಸುತ್ತಲಿನ ಸಂದಿಗಳ ಧೂಳು, ಜೇಡರ ಬಲೆ ತೆಗೆಯಿರಿ. ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಒದ್ದೆ ಬಟ್ಟೆ, ಸೋಪು, ಸ್ಪಿರಿಟ್ ಬೇಡ. ಮೊದಲ ಮಳೆಗೆ ದೀಪದ ಸುತ್ತ ರಾಶಿ ರಾಶಿ ಬರುವ ರೆಕ್ಕೆಯ ಹುಳಗಳು ಹೊಗೆ ಅಲಾರಂ ಒಳಗೆ ನುಗ್ಗಿದರೆ ಅದು ನಡುರಾತ್ರಿ ಸುಮ್ನೆ ಕೂಗುತ್ತದೆ, ಹಾಗಾಗಿ ಅಲಾರಂ ಟ್ಯೂಬ್‌ಲೈಟಿನ ಪಕ್ಕದಲ್ಲಿ ಇಲ್ಲದಿರಲಿ. ಬ್ಯಾಟರಿ ಬದಲಿಸುವಂಥದ್ದಾದರೆ ಇದೇ ದಿನ ಹೊಸದು ಹಾಕಿ, ಹಳೆಯದರಲ್ಲಿ ಜೀವ ಇದ್ದರೂ ರಿಮೋಟಿಗೆ ಹಾಕಿಕೊಳ್ಳಬಹುದು. ಹಾಕುವಾಗ ಲೋಹದ ತುದಿ ನೋಡಿ, ಹಸಿರು ಕಿಲುಬು ಹಿಡಿದಿದ್ದರೆ ಒಣ ಬಟ್ಟೆಯಿಂದ ಉಜ್ಜಿ, ಹೋಗದಿದ್ದರೆ ಅಲಾರಂ ಬದಲಿಸಿ. ರೀಚಾರ್ಜ್ ಬ್ಯಾಟರಿ ಹಾಕಬೇಡಿ.

ಎರಡನೆಯದು ದೀಪಾವಳಿಯ ಮೊದಲು, ಮಳೆ ಬಿಟ್ಟ ಮೇಲೆ. ಆಗ ಮನೆಗೆ ಸುಣ್ಣ ಬಣ್ಣ ಹೊಡೆಸುತ್ತೇವೆ ಅಲ್ವಾ? ಬಣ್ಣದವರು ಬರುವ ಮೊದಲು ಅಲಾರಂ ಕಳಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಪೇಂಟು ಮತ್ತು ಥಿನ್ನರ್ ವಾಸನೆ ಕಾರ್ಬನ್ ಮೊನಾಕ್ಸೈಡ್ ಸೆನ್ಸರಿಗೆ ಆಗುವುದಿಲ್ಲ. ಅಲಾರಂ ಮೇಲೆ ಬಣ್ಣ ಹೊಡೆಯಲಿಕ್ಕೂ ಬಿಡಬೇಡಿ. ವಾಸನೆ ಹೋದ ಮೇಲೆ ವಾಪಸ್ ಹಾಕಿ, ಬಟನ್ ಒತ್ತಿ ನೋಡಿ.

ಅಡುಗೆಯ ಹೊಗೆಗೆ ಕೂಗಿದರೆ ಹಷ್ ಬಟನ್ ಇರುತ್ತದೆ, ಕೆಲವು ನಿಮಿಷ ಸುಮ್ಮನಿರುತ್ತದೆ. ಅಷ್ಟರಲ್ಲಿ ಕಿಟಕಿ ತೆರೆಯಿರಿ. ವಾರಕ್ಕೆ ಎರಡು ಸಲ ಹೀಗಾದರೆ ಜಾಗ ಬದಲಿಸಿ. ಬ್ಯಾಟರಿ ಮಾತ್ರ ತೆಗೆಯಬೇಡಿ.

ಕೂಗಿದಾಗ

ಇಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಇರುವುದು ನಮ್ಮ ಗ್ರಿಲ್‌ಗಳ ಬಗ್ಗೆ. ಕಿಟಕಿಗೆ ಕಬ್ಬಿಣದ ಸರಳು, ಸಿಟೌಟ್‌ಗೆ ಗ್ರಿಲ್, ಗ್ರಿಲ್‌ಗೆ ಒಳಗಿಂದ ಬೀಗ, ಹಿಂಬಾಗಿಲಿಗೂ ಬೀಗ. ಕೀ ಗೊಂಚಲು ಅಪ್ಪನ ದಿಂಬಿನ ಅಡಿ ಅಥವಾ ಕಪಾಟಿನ ಒಳಗೆ. ಕತ್ತಲೆ, ಹೊಗೆ, ಗಾಬರಿ, ಹನ್ನೆರಡು ಕೀಗಳಲ್ಲಿ ಸರಿಯಾದದ್ದು ಯಾವುದು? ಅಲಾರಂ ಹಾಕಿದ ದಿನವೇ ಗ್ರಿಲ್ ಕೀಯನ್ನು ಗೊಂಚಲಿನಿಂದ ಬೇರೆ ಮಾಡಿ, ಬಾಗಿಲಿನ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದು ನೇತು ಹಾಕಿ. ಹೊರಗಿನಿಂದ ಕೈಗೆ ಎಟುಕದ ಹಾಗೆ, ಒಳಗೆ ಮಕ್ಕಳಿಗೂ ಎಟುಕುವ ಹಾಗೆ. ಒಂದು ರಾತ್ರಿ ಲೈಟ್ ಆಫ್ ಮಾಡಿ ಮನೆಯವರೆಲ್ಲ ಆ ಕೀ ಹುಡುಕಿ ಬೀಗ ತೆಗೆದು ಅಂಗಳಕ್ಕೆ ಬಂದು ನೋಡಿ. ನಮಗೆ ಮೊದಲ ಸಲ ನಾಲ್ಕು ನಿಮಿಷ ಹಿಡಿಯಿತು. ಬೀಗಕ್ಕೆ ತುಕ್ಕು ಹಿಡಿದಿತ್ತು. ಈಗ ಒಂದು ನಿಮಿಷಕ್ಕಿಂತ ಕಡಿಮೆ.

ಹೊಗೆ ಅಲಾರಂ ಕೂಗಿದರೆ ಬಗ್ಗಿಕೊಂಡು ಹೋಗಿ, ಕೆಳಗಿನ ಗಾಳಿ ಸ್ವಲ್ಪ ಶುದ್ಧ ಇರುತ್ತದೆ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ, ಬಿಸಿ ಇದ್ದರೆ ಬೇರೆ ದಾರಿ ಹಿಡಿಯಿರಿ. ಹೊರಗೆ ಬರುವಾಗ ಹಿಂದೆ ಬಾಗಿಲು ಎಳೆದುಕೊಳ್ಳಿ, ಬೆಂಕಿ ಹಬ್ಬುವುದು ತಡವಾಗುತ್ತದೆ. ಫ್ಲ್ಯಾಟ್ ಆದರೆ ಮೆಟ್ಟಿಲು, ಲಿಫ್ಟ್ ಬೇಡ. ಹೊರಗೆ ಬಂದ ಮೇಲೆ 101 ಅಥವಾ 112. ಬಂಗಾರ, ಪತ್ರ ಅಂತ ವಾಪಸ್ ಒಳಗೆ ಹೋಗಬೇಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದರೆ ಎಲ್ಲರೂ ಹೊರಗೆ, ದಾರಿಯಲ್ಲಿ ಕೈಗೆ ಸಿಕ್ಕಿದ ಕಿಟಕಿ ಬಾಗಿಲು ತೆರೆಯುತ್ತಾ. ಗೀಸರ್, ಒಲೆ ಆಫ್ ಮಾಡುವುದು ದಾರಿಯಲ್ಲೇ ಇದ್ದರೆ ಮಾತ್ರ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಯಾರಿಗಾದರೂ ಇದ್ದರೆ 108ಕ್ಕೆ ಫೋನ್ ಮಾಡಿ. ಜ್ವರ ಇಲ್ಲದೆ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ಹೊರಗೆ ಹೋದರೆ ಕಡಿಮೆ, ಒಳಗೆ ಬಂದರೆ ಮತ್ತೆ ಶುರು ಅಂತಾದರೆ ಅಲಾರಂ ಕೂಗದಿದ್ದರೂ ಇದೇ ಇರಬಹುದು.

ಆಸ್ಪತ್ರೆಗೆ ಹೋದಾಗ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ನಂಬಿ ಸಮಾಧಾನ ಪಡಬೇಡಿ. ಮಾಮೂಲಿ ಆಕ್ಸಿಮೀಟರಿಗೆ ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ ಯಾವುದು, ಕಾರ್ಬನ್ ಮೊನಾಕ್ಸೈಡ್ ಹಿಡಿದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಅಂದು ಬಾಲ್ಕನಿಯಲ್ಲಿ ಕೂರಿಸಿದಾಗ ಚಿಕ್ಕಮ್ಮನ ಬೆರಳಿಗೆ ಹಾಕಿ ನೋಡಿದ್ದೆವು, 98 ತೋರಿಸಿತ್ತು. ಅದನ್ನು ನೋಡಿ ಆಸ್ಪತ್ರೆ ಬೇಡ ಅಂತ ಒಂದು ಗಳಿಗೆ ಅಂದುಕೊಂಡೆವು ಕೂಡ. ಡಾಕ್ಟರಿಗೆ "ಗ್ಯಾಸ್ ಗೀಸರ್ ಇತ್ತು, ಕಿಟಕಿ ಮುಚ್ಚಿತ್ತು, ಕಾರ್ಬನ್ ಮೊನಾಕ್ಸೈಡ್ ಇರಬಹುದು" ಅಂತ ನೀವೇ ಬಾಯಿ ಬಿಟ್ಟು ಹೇಳಿ, ರಕ್ತ ಪರೀಕ್ಷೆಯಲ್ಲಿ ಅದನ್ನು ಬೇರೆಯಾಗಿ ಅಳೆಯುತ್ತಾರೆ. ಬರೀ ಗಾಳಿಯಲ್ಲಿ ಕೂತರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು. ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು.